ನೌಕಾಫಿರಂಗಿಯ ಗುಂಡುಗಳ ಪರೀಕ್ಷೆ

ಫಿರಂಗಿ, ತೋಪು, ಗುಂಡು ಎಂಬ ಮೂರು ಶಬ್ದಗಳಲ್ಲಿ ಮೊದಲನೆಯದು ಪಾರಸೀಕ ಮಾರ್ಗವಾಗಿ ಬಂದುದು; ಮೂಲದಲ್ಲಿ ಐರೋಪ್ಯನೆಂಬರ್ಥವುಳ್ಳದ್ದು. ಎರಡನೆಯದು ತುರ್ಕೀ ಶಬ್ದ. ಆ ಭಾಷೆಯಲ್ಲಿ ಅದಕ್ಕೆ ಚೆಂಡೆಂಬ ಅರ್ಥವೂ ಉಂಟು. ಮೂರನೆಯದೊಂದೇ ದೇಶ್ಯವು. ಆದರೆ ಹಳೆಯ ಗುಂಡೊಂದು ದೊರೆತಾಗ ಅದು ಹಡಗಿನದೋ ನೆಲದ ತೋಪಿನದೋ ಎಂಬುದನ್ನು ನಿರ್ಣಯಿಸಲು ಶಬ್ದಾರ್ಥವು ಸಾಲದು.

ಕುಮಟಾ ತಾಲ್ಲೂಕಿನ ಮಿರ್ಜಾನ ಕೋಟೆಯು ಅಘನಾಶಿನಿಯ ದಡದಲ್ಲಿದೆ. ಅಲ್ಲಿ 2000-01ರ ಉತ್ಖನನದಲ್ಲಿ ಫಿರಂಗಿಯ ಗುಂಡುಗಳೊಡನೆ ಚೀನೀ ಪಿಂಗಾಣಿಯ ತುಂಡುಗಳೂ ದೊರೆತವು. ಕಡಲಿನಿಂದ ದೂರವಾದ, ಅಳವಂಡಿಯನ್ನೊಳಗೊಂಡ ಕೊಪ್ಪಳ ಸೀಮೆಯಲ್ಲಿಯಾದರೋ, ಟೀಪೂ ಸುಲ್ತಾನನು 1786ರಲ್ಲಿ ವಶಪಡಿಸಿಕೊಂಡು ಫ್ರೆಂಚ್ ಶಿಲ್ಪಜ್ಞರಿಂದ ಬಲಪಡಿಸಿದ ಕೊಪ್ಪಳದ ದುರ್ಗವನ್ನು ಆಂಗ್ಲರೂ ನಿಜಾಮನ ಸೈನಿಕರೂ ಮುತ್ತಿದರು. ಬಹುಕಾಲದ ಹೋರಾಟದ ಮೇಲೆ 1791ರಲ್ಲಿ ಅದು ಶರಣಾಯಿತು. ಈ ಎರಡು ಸ್ಥಳಗಳ ಗುಂಡುಗಳನ್ನು ಒಂದೇ ಬುಟ್ಟಿಯಲ್ಲಿಟ್ಟರೆ ಯಾವುದು ಎಲ್ಲಿಯದೆಂದು ಗುಂಡೇ ಹೇಳಲಾರದು. ಏಕೆಂದರೆ ದುಂಡಾದ ಎರಕದ ಕಬ್ಬಿಣದ ಗುಂಡನ್ನು ನೆಲದಲ್ಲಿಯೂ ನೀರಿನಲ್ಲಿಯೂ ಸಮಾನವಾಗಿ ಪ್ರಯೋಗಿಸುತ್ತಿದ್ದರು.

ಆಕೃತಿಯಿಂದಲೇ ನೌಕಾಯುದ್ಧವನ್ನು ಸೂಚಿಸುವ ಗುಂಡುಗಳು ಬೇರೆ ಇವೆ. ಎರಡು ಗುಂಡುಗಳನ್ನಾಗಲಿ ಎರಡು ಅರೆಗುಂಡುಗಳನ್ನಾಗಲಿ ಸರಪಳಿಯಿಂದ ಜೋಡಿಸಿದುದು ಒಂದು ಬಗೆ. ಕಬ್ಬಿಣದ ಸಲಾಕೆಯಿಂದ ಜೋಡಿಸಿದುದು ಮತ್ತೊಂದು ಬಗೆ. ಇವು ತಿರುಗುತ್ತ ಹಾರಿ ಶತ್ರುನೌಕೆಯ ಹಗ್ಗಗಳನ್ನೂ ಹಾಯಿಗಳನ್ನೂ ಕೂವೆಮರಗಳನ್ನೂ ಕತ್ತರಿಸುತ್ತಿದ್ದವು. ಹಾಯಿಯಿಲ್ಲದ ಕೋಟೆಯ ಗೋಡೆಗೆ ಇವುಗಳಿಂದ ಪ್ರಯೋಜನವು ಅಲ್ಪವೇ ಸರಿ.

ದುಂಡುಗುಂಡಿನ ಪರೀಕ್ಷೆಯು ವ್ಯಾಸದಿಂದ ಆರಂಭವಾಗಬೇಕು. ಗೋಲದ ಘನಫಲವು ವ್ಯಾಸದ ಘನವನ್ನನುಸರಿಸುವುದೆಂಬುದು ಲೀಲಾವತಿಯನ್ನು ಓದಿದವರಿಗೆ ವಿದಿತವೇ ಆಗಿದೆ. 4 ಇಂಚು ವ್ಯಾಸದ ಎರಕದ ಕಬ್ಬಿಣದ ಗುಂಡು 9 ಪೌಂಡು ತೂಗುವುದೆಂಬುದು ಆಂಗ್ಲರ ಹಳೆಯ ಗಣನೆ. ಅದರಂತೆ 5½ ಇಂಚಿನ ಗುಂಡು 23 ಪೌಂಡಿಗೆ ಮಿಗಿಲಾಗಿ ತೂಗುವುದರಿಂದ 24 ಪೌಂಡಿನ ಫಿರಂಗಿಗೆ ಸಲ್ಲುತ್ತದೆ. ಫ್ರೆಂಚರ ಪೌಂಡು ಇನ್ನೂ ಭಾರವಾದುದು; ಅವರ 24 ಪೌಂಡುಗಳು ಆಂಗ್ಲರ ಸುಮಾರು 26 ಪೌಂಡುಗಳಿಗೆ ಸಮ. ಆದಕಾರಣ ಅಂಕೆಯು ಒಂದೇ ಆದರೂ ವ್ಯಾಸವು ಭಿನ್ನವಾಗುತ್ತದೆ. ಈ ಅಲ್ಪ ಭೇದವೇ ಜನಾಂಗನಿರ್ಣಯಕ್ಕೆ ಸಾಧನವು.

ತೂಕವನ್ನು ಮಾತ್ರ ನಂಬುವುದು ಪ್ರಮಾದಕರ. ಬಹುಕಾಲ ಕಡಲಿನಲ್ಲಿದ್ದ ಗುಂಡಿನ ಕಬ್ಬಿಣವು ಕರಗಿಹೋಗಿ, ಗಾತ್ರವು ಹಾಗೆಯೇ ಉಳಿದು, ತೂಕವು ಇಳಿಯುತ್ತದೆ. ಉಪ್ಪನ್ನು ತೆಗೆಯದೆ ಒಣಗಿಸಿದರೆ ಅದು ಬಿರಿದು ಪದರಪದರವಾಗಿ ಉದುರುತ್ತದೆ. ಒಳಗೆ ಟೊಳ್ಳಾಗಿರುವ ಗುಂಡುಗಳಲ್ಲಿ ಹಳೆಯ ಮದ್ದು ಉಳಿದಿರಬಹುದಾದುದರಿಂದ ಅವನ್ನು ಕೊರೆಯುವುದೂ ಕಾಯಿಸುವುದೂ ಪ್ರಾಣಾಪಾಯಕರ.

ನೂರು ವರ್ಷಕ್ಕೆ ಮೀರಿದ ಇಂತಹ ವಸ್ತುಗಳು 1972ರ ಶಾಸನದಂತೆ ಪುರಾವಸ್ತುಗಳೆನಿಸುತ್ತವೆ. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರವೂ ಖಾಸಗಿಯಾಗಿ ಪರದೇಶಕ್ಕೆ ಸಾಗಿಸುವುದೂ ನಿಷಿದ್ಧವಾಗಿವೆ. ಆದರೆ ಶಾಸನದಿಂದ ವಸ್ತುವು ದೇಶದಲ್ಲಿ ಉಳಿದೀತೇ ಹೊರತು ಅದರ ಚರಿತ್ರೆಯು ಉಳಿಯದು. ತಾಮ್ರಪಟವು ಸ್ಥಾನಭ್ರಷ್ಟವಾದರೂ ತನ್ನ ಅಕ್ಷರಗಳಿಂದ ಮಾತನಾಡಬಲ್ಲದು. ಗುಂಡಿಗೆ ಬಹುಮಟ್ಟಿಗೆ ಅಕ್ಷರವಿಲ್ಲ. ಅದು ಬಿದ್ದಿದ್ದ ನೆಲವೇ ಅದರ ಲಿಪಿ. ಆದುದರಿಂದ ಗುಂಡನ್ನು ಎತ್ತುವುದಕ್ಕೆ ಮುಂಚೆ ಸ್ಥಳವನ್ನೂ ಆಳವನ್ನೂ ಪಕ್ಕದಲ್ಲಿದ್ದ ವಸ್ತುಗಳನ್ನೂ ಬರೆದಿಟ್ಟು ಪುರಾತತ್ತ್ವ ಇಲಾಖೆಗೆ ತಿಳಿಸುವವನೇ ನಿಜವಾದ ಸಂಗ್ರಾಹಕನು. ಇತರರು ಕೂಡಿಡುವುದು ಕಬ್ಬಿಣವನ್ನು ಮಾತ್ರ.