ನಿಮಗಿದು ಗೊತ್ತೆ? ಥೈರಾಯ್ಡ್: ನಾಯಿಗೆ ಕೊರತೆ, ಬೆಕ್ಕಿಗೆ ಅತಿ

ಥೈರಾಯ್ಡ್ ತೊಂದರೆ ಮನುಷ್ಯರಿಗಷ್ಟೇ ಅಲ್ಲ, ಸಾಕುನಾಯಿ, ಬೆಕ್ಕುಗಳಿಗೂ ಬರುತ್ತದೆ.

● ನಾಯಿಗಳಲ್ಲಿ ಸಾಮಾನ್ಯವಾಗಿ ಥೈರಾಯ್ಡ್ ಹಾರ್ಮೋನು ಕಡಿಮೆಯಾಗುತ್ತದೆ. ಊಟ ಹೆಚ್ಚಿಸದಿದ್ದರೂ ತೂಕ ಏರುತ್ತದೆ, ನಾಯಿ ಮಂಕಾಗಿ ಮಲಗಿರುತ್ತದೆ, ಎರಡೂ ಪಕ್ಕೆಗಳಲ್ಲಿ ಕೂದಲು ಉದುರುತ್ತದೆ. ಬಾಲ ಬೋಳಾಗಿ ಇಲಿಯ ಬಾಲದಂತೆ ಕಾಣುವುದೂ ಉಂಟು.

● ಬೆಕ್ಕುಗಳಲ್ಲಿ ಹಾರ್ಮೋನು ಅತಿಯಾಗುವುದೇ ಹೆಚ್ಚು. ಬಹುತೇಕ 10 ವರ್ಷ ದಾಟಿದವುಗಳಲ್ಲಿ. ತಟ್ಟೆ ನೆಕ್ಕಿ ಖಾಲಿ ಮಾಡಿದರೂ ಬೆನ್ನುಮೂಳೆ ಕೈಗೆ ಸಿಗುವಷ್ಟು ಸೊರಗುತ್ತವೆ. ಅಮೆರಿಕದ ಪಶುವೈದ್ಯರು ಈ ಕಾಯಿಲೆಯನ್ನು ಮೊದಲು ವರದಿ ಮಾಡಿದ್ದು 1979ರಲ್ಲಿ.

● ಹಾರ್ಮೋನು ಕಡಿಮೆಯಾದಾಗ ನಾಯಿಗೂ ಮನುಷ್ಯರಿಗೂ ಕೊಡುವ ಔಷಧ ಒಂದೇ, ಲೆವೊಥೈರಾಕ್ಸಿನ್. ಆದರೆ ಪ್ರಮಾಣ ಬೇರೆ. ನಿಮ್ಮ ಮಾತ್ರೆಯನ್ನು ಎಂದಿಗೂ ಕೊಡಬೇಡಿ.

● ಕ್ಯಾಲ್ಸಿಯಂ, ಕಬ್ಬಿಣಾಂಶದ ಟಾನಿಕ್ಕನ್ನು ಈ ಮಾತ್ರೆಯ ಜೊತೆಗೇ ಕೊಟ್ಟರೆ ಔಷಧ ಸರಿಯಾಗಿ ರಕ್ತಕ್ಕೆ ಸೇರದು.

● ಕಡಲಕಳೆಯ ಪುಡಿ ‘ನೈಸರ್ಗಿಕ’ವೆಂದು ಸುರಿಯಬೇಡಿ. ಅದರಲ್ಲಿ ಅಯೋಡಿನ್ ವಿಪರೀತ ಇರಬಹುದು. ಅಯೋಡಿನ್ ಅತಿಯಾದರೂ ಥೈರಾಯ್ಡ್ ಗ್ರಂಥಿಯ ಕೆಲಸ ಏರುಪೇರಾಗುತ್ತದೆ.

ಯಾವ ಪೂರಕವೂ ಔಷಧಕ್ಕೆ ಬದಲಿಯಲ್ಲ. ಲಕ್ಷಣ ಕಂಡರೆ ಮೊದಲು ಪಶುವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಿ. ಬಾಯಿಲ್ಲದ ಜೀವದ ನೋವನ್ನು ನಾವೇ ಗಮನಿಸಬೇಕು.