ಲೋಕಸಭಾ ಚುನಾವಣೆ: ಬೆಳೆಗಾರರು ಮೊದಲೇ ತಿಳಿದಿರಬೇಕಾದ ಸಂಗತಿಗಳು

ಈಗಿನ 18ನೆಯ ಲೋಕಸಭೆ 2024ರ ಜೂನ್ 24ರಂದು ಮೊದಲು ಸಭೆ ಸೇರಿತು. ಅವಧಿಗೆ ಮುನ್ನ ವಿಸರ್ಜನೆಯಾಗದಿದ್ದರೆ ಮುಂದಿನ ಚುನಾವಣೆ 2029ರಲ್ಲಿ ನಡೆಯಬೇಕು. ಅಷ್ಟು ದೂರದ ಮಾತು ಈಗೇಕೆ ಎಂದು ಸದಸ್ಯ ಬಂಧುಗಳು ಕೇಳಬಹುದು. ಗಿಡ ನೆಟ್ಟ ವರ್ಷವೇ ಫಸಲು ಬಾರದು. ಮತದಾರರ ಪಟ್ಟಿಯ ಕೆಲಸವೂ ಹಾಗೆಯೇ, ಮುಂಚಿತವಾಗಿ ಆಗಬೇಕಾದುದು.

ದೆಹಲಿಯ ತೀರ್ಮಾನಗಳು ನಮ್ಮ ತೋಟದವರೆಗೂ ಬರುತ್ತವೆ. ಕಾಫಿ ಮಂಡಳಿ ಇರುವುದು ಕೇಂದ್ರ ವಾಣಿಜ್ಯ ಸಚಿವಾಲಯದ ಅಧೀನದಲ್ಲಿ. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರುವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿದುದೂ ಕೇಂದ್ರ ಸರ್ಕಾರವೇ. ಯಾರಿಗೆ ಮತ ಕೊಡಬೇಕೆಂದು ಹೇಳುವುದು ಸಂಘದ ಕೆಲಸವಲ್ಲ. ಆದರೆ ಮತ ಕೊಡಲಾಗದೆ ಯಾವ ಸದಸ್ಯರೂ ಹಿಂದಿರುಗಬಾರದೆಂಬುದು ನಮ್ಮ ಆಶಯ.

ಚೀಟಿಗಿಂತ ಪಟ್ಟಿ ಮುಖ್ಯ

ಗುರುತಿನ ಚೀಟಿ ಕೈಯಲ್ಲಿದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಹಾಕಲು ಆಗದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಪಟ್ಟಿಗೆ ಹೆಸರು ಸೇರಿಸುವಂತಿಲ್ಲ. ಹೊಸದಾಗಿ ಸೇರಲು ನಮೂನೆ 6, ವಿಳಾಸ ಬದಲಾವಣೆಗೂ ತಪ್ಪು ತಿದ್ದುಪಡಿಗೂ ನಮೂನೆ 8. ಮೊದಲು ಜನವರಿ 1ಕ್ಕೆ 18 ತುಂಬಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. 2022ರಿಂದ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಅರ್ಹತೆಯ ದಿನಗಳಾಗಿವೆ. ಮನೆಯ ಮಕ್ಕಳ ಹೆಸರು ಸೇರಿಸಲು ವರ್ಷ ಪೂರ್ತಿ ಕಾಯಬೇಕಾಗಿಲ್ಲ.

ತೋಟ ಒಂದೆಡೆ, ಮನೆ ಒಂದೆಡೆ

ಕೊಪ್ಪದಲ್ಲಿ ತೋಟ, ಬೆಂಗಳೂರಿನಲ್ಲಿ ಮನೆ ಇರುವವರು ನಮ್ಮಲ್ಲಿ ಕಡಿಮೆಯಿಲ್ಲ. ಎರಡು ಕಡೆ ಹೆಸರಿರಲು ಕಾನೂನು ಒಪ್ಪುವುದಿಲ್ಲ. ಆಸ್ತಿ ಇದ್ದ ಮಾತ್ರಕ್ಕೆ ಅಲ್ಲಿ ಹಕ್ಕು ಬರುವುದಿಲ್ಲ. ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲಿಯೇ ಮತ. ಅರ್ಜಿಯಲ್ಲಿ ತಿಳಿದೂ ಸುಳ್ಳು ಬರೆದರೆ ಒಂದು ವರ್ಷದವರೆಗೆ ಸಜೆಗೆ ಅವಕಾಶವಿದೆ.

ಜಿಲ್ಲೆಯ ಗಡಿಯೇ ಲೋಕಸಭಾ ಕ್ಷೇತ್ರದ ಗಡಿಯಲ್ಲ ಎಂಬುದೂ ನೆನಪಿರಲಿ. 2024ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಡೂರು ಹಾಸನ ಕ್ಷೇತ್ರದಲ್ಲಿತ್ತು. ಕೊಡಗಿನವರು ಮತ ಹಾಕಿದ್ದು ಮೈಸೂರು ಕ್ಷೇತ್ರಕ್ಕೆ. ಮತದಾನ ಮಂಗಳೂರು, ಹಾಸನದ ಕಡೆ ಏಪ್ರಿಲ್ 26ರಂದು ಆದರೆ, ಶಿವಮೊಗ್ಗ, ಉತ್ತರ ಕನ್ನಡದಲ್ಲಿ ಮೇ 7ರಂದು ಆಯಿತು.

ಕಾರ್ಮಿಕರಿಗೆ ಸಂಬಳ ಸಹಿತ ರಜೆ

ಇದು ತೋಟದ ಯಜಮಾನರು ವಿಶೇಷವಾಗಿ ಗಮನಿಸಬೇಕಾದುದು. ಪ್ರಜಾಪ್ರತಿನಿಧಿ ಕಾಯಿದೆಯ 135ಬಿ ಕಲಮಿನ ಪ್ರಕಾರ ಮತದಾನದ ದಿನ ಮತದಾರ ಕೆಲಸಗಾರರಿಗೆ ರಜೆ ಕೊಡಬೇಕು, ಆ ದಿನದ ಕೂಲಿಯನ್ನು ಕಡಿಯಬಾರದು. ದಿನಗೂಲಿಯವರಿಗೂ ಇದು ಅನ್ವಯಿಸುತ್ತದೆ. ಕೆಲಸಗಾರ ಇಲ್ಲದಿದ್ದರೆ ಅಪಾಯ ಅಥವಾ ಭಾರೀ ನಷ್ಟವಾಗುವ ಕೆಲಸಕ್ಕೆ ಮಾತ್ರ ವಿನಾಯಿತಿ ಇದೆ. ಕಸಿ ತೆಗೆಯುವುದು, ಗೊಬ್ಬರ ಹಾಕುವುದು ನಾಳೆಯೂ ಆದೀತು. ನೀರು ಹಾಯಿಸುವ ಸರದಿಯಿದ್ದರೂ ಆಳುಗಳನ್ನು ಸರದಿಯಂತೆ ಮತಗಟ್ಟೆಗೆ ಕಳುಹಿಸಬಹುದು.

ಲೈನ್ ಮನೆಗಳಲ್ಲಿ ವರ್ಷಗಟ್ಟಲೆ ವಾಸವಿರುವ ಕುಟುಂಬಗಳ ಹೆಸರು ಎಷ್ಟೋ ವೇಳೆ ಹಳೆಯ ಊರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಅವರಿಗೆ ನಮೂನೆ 8 ತುಂಬಲು ನೆರವಾಗುವುದು ಒಂದು ಸಂಜೆಯ ಕೆಲಸ. ಯಾರಿಗೆ ಮತವೆಂಬ ಮಾತು ಮಾತ್ರ ಅಲ್ಲಿ ಬರಬಾರದು. ಅದು ಅವರ ಸ್ವಂತ ವಿಚಾರ.

ಪಟ್ಟಿಯ ವಿಷಯದಲ್ಲಿ ಸಂದೇಹವಿದ್ದರೆ ನಿಮ್ಮ ಮತಗಟ್ಟೆ ಮಟ್ಟದ ಅಧಿಕಾರಿಯನ್ನು ಕಾಣಿರಿ, ಇಲ್ಲವೆ 1950 ಸಂಖ್ಯೆಗೆ ಫೋನ್ ಮಾಡಿರಿ. ಈ ಸಂಚಿಕೆ ಓದಿ ಮುಗಿಸಿದ ವಾರದಲ್ಲೇ ಮನೆಯವರ ಮತ್ತು ಲೈನಿನವರ ಹೆಸರುಗಳನ್ನು ಪಟ್ಟಿಯಲ್ಲಿ ಒಮ್ಮೆ ನೋಡಿಬಿಡಬೇಕಾಗಿ ಕೋರುತ್ತೇವೆ.