‘ಐ ಮಿಸ್ ಯೂ’ ಅನ್ನೋದನ್ನ ಇಟಾಲಿಯನ್ನಿನಲ್ಲಿ ಹೇಳೋದು ಹೇಗೆ? ಕನ್ನಡದಿಂದ ಹೋದ್ರೆ ದಾರಿ ಹತ್ತಿರ

ಇಟಾಲಿಯನ್ ಕಲಿಯೋಕೆ ಕೂತ್ರೆ ನಮ್ಮ ಕೈಗೆ ಸಿಗೋ ಪುಸ್ತಕ, ಆ್ಯಪ್ ಎಲ್ಲ ಸಾಮಾನ್ಯವಾಗಿ ಇಂಗ್ಲಿಷಿನವು. ಊಟ, ಟಿಕೆಟ್, ಬಾಡಿಗೆ ಮಾತಿಗೆ ಅದು ನಡೆಯುತ್ತೆ. ಆದರೆ ಪ್ರೀತಿ, ನೆನಪು, ಕಾತರ ಹೇಳೋಕೆ ಹೋದಾಗ ಇಂಗ್ಲಿಷ್ ದಾರಿ ತಪ್ಪಿಸುತ್ತೆ. ಅಲ್ಲಿ ಎಡವಿದ್ರೆ ಹೋಗೋದು ಬರೀ ವ್ಯಾಕರಣದ ಮಾರ್ಕ್ಸ್ ಅಲ್ಲ. ಎದುರಿನವರಿಗೆ ಬೇರೇನೇ ಅರ್ಥ ಆಗುತ್ತೆ. ಅದಕ್ಕೇ ಇವತ್ತು ನಾಲ್ಕು ಮಾತು ಬಿಡಿಸಿ ಹೇಳ್ತೀನಿ.

ಮೊದಲನೇದು ‘ಮಿ ಮಂಕಿ’. ನಗಬೇಡಿ, ಕೋತಿ ಅಲ್ಲ! ಬರೆಯುವಾಗ ಅಲ್ಲಿ ಸಿ, ಎಚ್ ಇರುತ್ತೆ. ಇಟಾಲಿಯನ್ನಿನಲ್ಲಿ ಅದರ ಉಚ್ಚಾರ ‘ಕ’. ಇಂಗ್ಲಿಷ್ ಅಭ್ಯಾಸದಲ್ಲಿ ‘ಮಂಚಿ’ ಅಂತ ಓದಿದ್ರೆ ಹೈದರಾಬಾದಿನವರಿಗೆ ಮಾತ್ರ ಖುಷಿ ಆದೀತು.

ಈ ಕ್ರಿಯಾಪದದ ಮೂಲ ಅರ್ಥ ‘ಕಡಿಮೆಯಾಗು, ಇಲ್ಲದಿರು’. ಅಡುಗೆಗೆ ಉಪ್ಪು ಕಮ್ಮಿ ಅನ್ನೋಕೂ ಇದೇ ಪದ. ‘ಮಿ’ ಅಂದ್ರೆ ‘ನನಗೆ’. ಸೇರಿಸಿದ್ರೆ ‘ನನಗೆ ನೀನು ಇಲ್ಲದೆ ಕೊರತೆಯಾಗಿದೆ’ ಅಂತ. ಇಂಗ್ಲಿಷಿನಲ್ಲಿ ನಾನು ಕರ್ತೃ, ನೀನು ಕರ್ಮ. ಇಟಾಲಿಯನ್ನಿನಲ್ಲಿ ದೂರ ಇರೋರೇ ಕರ್ತೃ. ಇಂಗ್ಲಿಷ್ ಮಾತಾಡೋರು ತಮ್ಮ ಲೆಕ್ಕದಲ್ಲಿ ‘ತಿ ಮಂಕೊ’ ಅಂತ ಬರೆದ್ರೆ, ಅದು ‘ನಾನಿಲ್ಲದೆ ನಿನಗೆ ಬೇಜಾರಾಗಿದೆ’ ಅಂತ ಆಗಿಬಿಡುತ್ತೆ. ಪ್ರೀತಿ ಹೇಳೋಕೆ ಹೋಗಿ ಜಂಭ ಕೊಚ್ಚಿಕೊಂಡ ಹಾಗೆ!

ನಮಗೆ ಇದು ಹೊಸದಲ್ಲ. ‘ನನಗೆ ಅವಳು ಹಿಡಿಸಿದಳು’, ‘ನನಗೆ ಅವರು ಹಿಡಿಸಿದರು’ ಅಂತೀವಲ್ಲ? ಮನಸ್ಸು ನನ್ನದು, ಆದರೆ ಕ್ರಿಯಾಪದ ಹೊಂದಿಕೊಳ್ಳೋದು ಅವರ ಜೊತೆ. ಇಲ್ಲೂ ಅಷ್ಟೇ. ‘ನೀನು’ ಆದ್ರೆ ಮಂಕಿ, ಅಮ್ಮ ಒಬ್ಬರೇ ಆದ್ರೆ ಮಂಕಾ, ಅಪ್ಪ ಅಮ್ಮ ಇಬ್ಬರೂ ಆದ್ರೆ ಮಾಂಕನೊ. ಎದುರಿನ ಹಿರಿಯರ ಜೊತೆ ‘ಲೇಯ್’ ಅಂತ ಗೌರವದಿಂದ ಮಾತಾಡ್ತಿದ್ರೆ ಅವರಿಗೂ ಮಂಕಾ. ಅವರು ವಾಪಸ್ ಬಂದ ಮೇಲೆ ಗಂಡಸಿಗೆ ‘ಮಿ ಸೇಯ್ ಮಂಕಾತೊ’, ಹೆಂಗಸಿಗೆ ‘ಮಂಕಾತಾ’: ಇಷ್ಟು ದಿನ ನೀನಿಲ್ಲದೆ ಬೇಜಾರಾಗಿತ್ತು ಅಂತ. ಹೇಳ್ತಿರೋದು ಯಾರು ಅನ್ನೋದಲ್ಲ, ದೂರ ಇದ್ದದ್ದು ಯಾರು ಅನ್ನೋದನ್ನ ನೋಡಿ.

ಎರಡನೇದು ‘ಮಿ ಪ್ಯಾಚಿ’. ‘ನನಗೆ ನೀನು ಇಷ್ಟ’. ಪದಕ್ಕೆ ಪದ ಕನ್ನಡವೇ!

ಮೂರನೇದು ಪ್ರೀತಿಯದು. ಇಂಗ್ಲಿಷಿನ ಒಂದೇ ‘ಐ ಲವ್ ಯೂ’ ಇಲ್ಲಿ ಎರಡಾಗುತ್ತೆ. ‘ತಿ ಆಮೊ’ ಸಾಮಾನ್ಯವಾಗಿ ಪ್ರೇಮಿಗಳ, ಗಂಡ ಹೆಂಡತಿಯ ಮಾತು. ಅಮ್ಮ, ಅಜ್ಜಿ, ಮಗ, ಗೆಳತಿ, ಇವರಿಗೆಲ್ಲ ‘ತಿ ವೊಲ್ಯೊ ಬೆನೆ’. ಬಿಡಿಸಿದ್ರೆ ‘ನಿನಗೆ ಒಳ್ಳೇದನ್ನ ಬಯಸ್ತೀನಿ’. ಫೋನ್ ಮೆಸೇಜಿನಲ್ಲಿ ಇದನ್ನೇ ಟಿ, ವಿ, ಬಿ ಅಂತ ಮೂರಕ್ಷರದಲ್ಲಿ ಮುಗಿಸ್ತಾರೆ. ಈ ಭೇದ ಬಹಳ ಹಳೇದು. ಕ್ರಿಸ್ತಪೂರ್ವ 1ನೇ ಶತಮಾನದ ರೋಮನ್ ಕವಿ ಕತುಲ್ಲುಸ್ ಲ್ಯಾಟಿನ್ನಿನಲ್ಲೇ ಮೋಹ ಬೇರೆ, ಒಳ್ಳೇದು ಬಯಸೋದು ಬೇರೆ ಅಂತ ವಿಂಗಡಿಸಿದ್ದ.

ಇಲ್ಲಿ ಎರಡು ಎಚ್ಚರ. ಕೊನೆಯ ‘ಬೆನೆ’ ನುಂಗಿ ‘ತಿ ವೊಲ್ಯೊ’ ಅಂತ ನಿಲ್ಲಿಸಿದ್ರೆ ‘ನನಗೆ ನೀನು ಬೇಕು’ ಅನ್ನೋ ಬಯಕೆಯ ಮಾತಾಗುತ್ತೆ. ಮನೆ ಬಾಡಿಗೆ ಕೊಟ್ಟ ಆಂಟಿಗೆ ಹಾಗೆ ಹೇಳೀರಿ, ಜೋಕೆ! ಇನ್ನೊಂದು, ನೀವು ‘ತಿ ಆಮೊ’ ಅಂದಾಗ ಆ ಕಡೆಯಿಂದ ಬರೀ ‘ತಿ ವೊಲ್ಯೊ ಬೆನೆ’ ಬಂದ್ರೆ ತಕ್ಷಣ ಹಿಗ್ಗಬೇಡಿ. ನೋಯಿಸದ ಹಾಗೆ ‘ನಾವು ಸ್ನೇಹಿತರಾಗೇ ಇರೋಣ’ ಅಂದಿರಬಹುದು.

ನಾಲ್ಕನೇದು ಕಾತರದ್ದು: ‘ನೊನ್ ವೇದೊ ಲೋರಾ ದಿ ರಿವೆದೇರ್ತಿ’. ನಿನ್ನನ್ನ ಮತ್ತೆ ನೋಡೋ ಗಳಿಗೆಯನ್ನೇ ಕಾಣೆ, ಅಂದ್ರೆ ಯಾವಾಗ ನೋಡ್ತೀನೋ ಅನ್ನಿಸ್ತಿದೆ ಅಂತ. ಪತ್ರದ ಕೊನೆಗೆ ‘ಉನ್ ಅಬ್ಬ್ರಾಚ್ಚೊ’, ಅಂದ್ರೆ ಒಂದು ಅಪ್ಪುಗೆ. ಸ್ನೇಹಿತರಿಗೂ ಧಾರಾಳವಾಗಿ ಬರೀಬಹುದು.

ಉಚ್ಚಾರದಲ್ಲೂ ನಮಗೊಂದು ಲಾಭ ಇದೆ. ‘ತಿ’ಯಲ್ಲಿರೋದು ನಮ್ಮ ‘ತ’ನೇ, ಇಂಗ್ಲಿಷಿನ ‘ಟ’ ಅಲ್ಲ. ಒತ್ತಕ್ಷರವನ್ನ ಒತ್ತಿ ಹೇಳೋದೂ ನಮಗೆ ಹುಟ್ಟಿನಿಂದ ಬಂದಿದ್ದು. ‘ಮಮ್ಮ’, ‘ನೊನ್ನ’, ಅಂದ್ರೆ ಅಮ್ಮ, ಅಜ್ಜಿ, ಈ ಪದಗಳಲ್ಲಿ ಅದು ಬೇಕೇ ಬೇಕು.

ನನ್ನ ಸಲಹೆ ಇಷ್ಟೇ. ಮಿಲಾನ್, ತೂರಿನ್ ಕಡೆ ಓದೋಕೆ ಹೊರಟಿದ್ದೀರಾ, ಅಥವಾ ಅಲ್ಲಿನವರ ಜೊತೆ ಸಂಬಂಧ ಬೆಳೆದಿದೆಯಾ? ಮನಸ್ಸಿನ ಮಾತು ಹೇಳೋ ಮೊದಲು ಕನ್ನಡದಲ್ಲಿ ‘ನನಗೆ’ ಅಂತ ಶುರು ಮಾಡಿ ನೋಡಿ. ಇವತ್ತಿನ ಅಭ್ಯಾಸಕ್ಕೆ, ಊರಲ್ಲಿರೋ ಒಬ್ಬರನ್ನ ನೆನೆಸಿಕೊಂಡು ‘ಮಿ ಮಂಕಾ’ ಅನ್ನಿ, ಮುಂದೆ ಅವರ ಹೆಸರು ಸೇರಿಸಿ. ಆಮೇಲೆ ಅವರಿಗೊಂದು ಫೋನ್ ಮಾಡಿ, ಕನ್ನಡದಲ್ಲೇ.